ಗರಿಕೆಯ ಬೇರು ಮಣ್ಣನ್ನು ಏಕೆ ಬಿಡುವುದಿಲ್ಲ

ಪ್ರಪಂಚ ಆಗಿನ್ನೂ ಹೊಸದು. ಹೊಸದು ಅಂದಮಾತ್ರಕ್ಕೆ ಎಲ್ಲವೂ ಚೆನ್ನಾಗಿತ್ತು ಅಂತೇನಲ್ಲ. ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗೆ ಇನ್ನೂ ಖಚಿತವಿರಲಿಲ್ಲ. ಸೊಳ್ಳೆ ಮಾತ್ರ ಆಗಲೇ ಬಂದಿತ್ತು.

ಎಲ್ಲರಿಗೂ ಮಾತು ಬರುತ್ತಿತ್ತು. ಬಂಡೆಗೆ ಬರುತ್ತಿತ್ತು, ಗಾಳಿಗೆ ಬರುತ್ತಿತ್ತು, ಹಸುವಿಗೆ, ಹುಲ್ಲಿಗೆ ಬರುತ್ತಿತ್ತು. ಅದರಿಂದ ಹೆಚ್ಚೇನೂ ಪ್ರಯೋಜನವಿರಲಿಲ್ಲ. ಆಗಲೂ ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಒಂದು ಕಡೆ ದೊಡ್ಡ ಬಂಡೆ. ಇನ್ನೊಂದು ಕಡೆ ಹೊಳೆ. ನಡುವೆ ಹುಲ್ಲುಗಾವಲು. ಅಲ್ಲಿ ದನ ಮೇಯಿಸುವವರ ಒಂದು ಹಟ್ಟಿ ಇತ್ತು.

ಹಟ್ಟಿಯ ಹಿರಿಯ ದುಗ್ಗಯ್ಯ. ಅವನ ಸೊಸೆ ಚಿತ್ತವ್ವ. ಚಿತ್ತವ್ವ ಮದುವೆಯಾಗಿ ಬಂದಾಗ ತವರಿನವರು ಬಳುವಳಿಯಾಗಿ ಒಂದು ಹಸು ಕೊಟ್ಟಿದ್ದರು. ಅದರ ಹೆಸರು ಗೌರೆ. ಈಗ ಗೌರೆಗೆ ವಯಸ್ಸಾಗಿತ್ತು. ಹಟ್ಟಿಯ ದನಗಳಲ್ಲಿ ಅರ್ಧ ಅವಳ ಮಕ್ಕಳು, ಉಳಿದರ್ಧ ಮೊಮ್ಮಕ್ಕಳು. ಹಾಗಂತ ಯಾರೂ ಅವಳಿಗೆ ಒಂದು ಹಿಡಿ ಹೆಚ್ಚು ಮೇವು ಹಾಕುತ್ತಿರಲಿಲ್ಲ, ಚಿತ್ತವ್ವನ ಹೊರತು.

ಹಟ್ಟಿಯ ಹೆಪ್ಪಿನ ಕುಡಿಕೆ ಚಿತ್ತವ್ವನ ಕೈಯಲ್ಲಿತ್ತು. ಇವತ್ತಿನ ಮೊಸರಿನಲ್ಲಿ ಒಂದು ಚಮಚ ಎತ್ತಿಟ್ಟರೆ ನಾಳೆಯ ಹಾಲು ಮೊಸರಾಗುತ್ತದೆ. ಆ ಒಂದು ಚಮಚ ತಪ್ಪಿದರೆ ಹಟ್ಟಿಗೆ ಮೊಸರಿಲ್ಲ, ಮಜ್ಜಿಗೆಯಿಲ್ಲ, ಬೆಣ್ಣೆಯಿಲ್ಲ. ಹಟ್ಟಿ ಎತ್ತಿ ಇನ್ನೊಂದು ಕಡೆ ಹೋಗುವಾಗ ಜನ ಚಾಪೆ ಮರೆತದ್ದುಂಟು, ಒಮ್ಮೆ ಒಬ್ಬ ಅಜ್ಜನನ್ನೇ ಮರೆತದ್ದುಂಟು. ಹೆಪ್ಪಿನ ಕುಡಿಕೆಯನ್ನು ಮರೆತದ್ದಿಲ್ಲ.

ಆ ಬೇಸಿಗೆಯಲ್ಲಿ ದುಗ್ಗಯ್ಯನಿಗೆ ಹೊಳೆಯ ತನಕ ನಡೆಯಲು ಬೇಸರವಾಯಿತು. ಬಂಡೆಯ ಬುಡದಲ್ಲೇ ಬಾವಿ ತೋಡುತ್ತೇನೆ ಎಂದು ಹೊರಟ.

"ಅಲ್ಲಿ ತೋಡಬೇಡ," ಎಂದಿತು ಬಂಡೆ. "ಅಲ್ಲಿರೋದು ನೀರಲ್ಲ."

"ಮತ್ತೇನಿದೆ?"

"ಹಳೇ ಕಡಲು. ಈ ಪ್ರಪಂಚಕ್ಕೂ ಮುಂಚೆ ಇನ್ನೊಂದಿತ್ತು. ಅದರ ಕಡಲಲ್ಲಿ ತೇಲ್ತಿದ್ದ ಪಾಚಿ, ಹುಳ, ಹುಪ್ಪಟೆ ಎಲ್ಲ ಸತ್ತು ನನ್ನ ಕೆಳಗೆ ಮಲಗಿವೆ. ನಾನು ಮೇಲೆ ಕೂತೂ ಕೂತೂ ಅವು ಎಣ್ಣೆ ಆಗಿವೆ. ಮಲಗಿರಲಿ ಬಿಡು."

"ಬಂಡೆಗಳು ಹೀಗೇ ಏನಾದರೂ ಹೇಳ್ತಿರ್ತಾವೆ," ಎಂದ ದುಗ್ಗಯ್ಯ. ತೋಡಿದ.

ಕಪ್ಪಗೆ, ದಪ್ಪಗೆ, ಮೆಲ್ಲಗೆ ಅದು ಮೇಲೆ ಬಂತು. ದುಗ್ಗಯ್ಯ ಒಂದು ಬತ್ತಿ ಅದ್ದಿ ಹಚ್ಚಿದ. ಉರಿಯಿತು. "ನೋಡಿದ್ರೇನ್ರೋ! ಇಡೀ ಹಟ್ಟಿಗೆ ದೀಪ!" ಎಂದು ಕೂಗಿದ. ಎಲ್ಲರೂ ಅವನನ್ನು ಹೊಗಳಿದರು. ಗೌರೆ ಮಾತ್ರ ಮೂಸಿ ನೋಡಿ, ಸೀನಿ, ಬೇರೆ ಕಡೆ ತಿರುಗಿದಳು.

ಆಮೇಲೆ ಮಳೆ ಬಂತು.

ಗುಂಡಿ ತುಂಬಿತು. ಎಣ್ಣೆ ನೀರಿನ ಮೇಲೆ ತೇಲಿ, ಅಂಚು ದಾಟಿ, ಹುಲ್ಲುಗಾವಲಿನ ಉದ್ದಕ್ಕೂ ಹರಡಿತು. ನೀರು ಇಂಗಿತು. ಎಣ್ಣೆ ಉಳಿಯಿತು. ಹುಲ್ಲು ಅಂಗಾತ ಬಿತ್ತು. ಎರೆಹುಳ ಮೇಲೆ ಬಂದು, "ಕೆಳಗೆ ಉಸಿರಾಡಕ್ಕಾಗ್ತಿಲ್ಲ, ನಾನು ಹೊರಟೆ," ಎಂದಿತು. ಇರುವೆಗಳು ಹೇಳದೆಯೇ ಹೋದವು.

ಹಟ್ಟಿಯವರೆಲ್ಲ ಸೇರಿ ಗುಂಡಿಯ ಬಾಯಿಗೆ ದೊಡ್ಡ ಕಲ್ಲು ಉರುಳಿಸಿದರು.

"ಈಗಲಾ?" ಎಂದಿತು ಬಂಡೆ.

ದುಗ್ಗಯ್ಯ ಹೊಳೆಯ ಹತ್ತಿರ ಹೋದ. "ತಾಯಿ, ಇದನ್ನು ತೊಳೆದುಕೊಂಡು ಹೋಗು."

"ಎಲ್ಲಿಗೆ?" ಎಂದಿತು ಹೊಳೆ. "ನನ್ನ ಕೆಳಗೂ ಜನ ಇದ್ದಾರೆ. ಮೀನು ಇವೆ. ನಿನ್ನ ಅಂಗಳದ ಕಸ ಅವರ ಅಂಗಳಕ್ಕೆ ಹಾಕ್ಲಾ?"

ಬೆಂಕಿಯನ್ನು ಕೇಳಿದ. ಬೆಂಕಿ ಸಂತೋಷದಿಂದ ಬಂತು, ಅದಕ್ಕೆ ಯಾರೂ ಎರಡು ಸಲ ಹೇಳಬೇಕಿಲ್ಲ. ಮೇಲೆಲ್ಲ ಉರಿದು, ಹೊಗೆ ಕಟ್ಟಿ, ಎಲ್ಲರ ಕಣ್ಣು ಕೆಂಪಾಗಿಸಿ ಆರಿತು. ಕೆರೆದು ನೋಡಿದರೆ ಒಳಗೆ ಹಾಗೇ ಕಪ್ಪು. "ನಂಗೆ ಮೇಲಿಂದ ತಿಂದೇ ಅಭ್ಯಾಸ," ಎಂದಿತು ಬೆಂಕಿ.

ಗಾಳಿಯನ್ನು ಕೇಳಿದ. "ವಾಸನೆ ಬೇಕಾದ್ರೆ ಒಯ್ತೀನಿ, ಎಣ್ಣೆ ಎತ್ತೋ ಶಕ್ತಿ ನಂಗಿಲ್ಲ," ಎಂದಿತು ಗಾಳಿ. ವಾಸನೆಯಲ್ಲಿ ಒಂದು ಪಾಲು ಹೋಯಿತು. ಉಳಿದದ್ದು ಕೂತಿತು.

ಕೇಳಲು ಇನ್ನು ಯಾರೂ ಉಳಿಯಲಿಲ್ಲ. ದುಗ್ಗಯ್ಯ ಹಟ್ಟಿಯವರನ್ನು ಕರೆದ.

"ಈಗ ಹೊಳೆ ತುಂಬಿದೆ. ಅದು ಇಳಿಯೋವರೆಗೆ ಬಂಡೆ ಮೇಲಿನ ಸೊಪ್ಪು ಸದೆ ತಿಂದು ದನ ಬದುಕ್ಲಿ. ನೀರಿಳಿದ ಕೂಡಲೇ ಆಚೆ ದಡಕ್ಕೆ ದಾಟೋಣ. ಈ ನೆಲ ಸತ್ತಿದೆ."

"ಗೌರೆ?" ಎಂದಳು ಚಿತ್ತವ್ವ.

ದುಗ್ಗಯ್ಯ ನೆಲ ನೋಡಿದ. "ಮುದಿ ಹಸು ಕಣವ್ವ. ನೀರಿಳಿದರೂ ಹೊಳೆ ದಾಟೋಳಲ್ಲ."

"ಅವಳು ದಾಟದಿದ್ರೆ ನಾನೂ ದಾಟಲ್ಲ, ಮಾವ."

"ಒಂದು ಹಸುವಿಗೋಸ್ಕರ?"

"ನಿಮ್ಮ ಒಂದು ಬಾವಿಗೋಸ್ಕರ," ಎಂದಳು ಚಿತ್ತವ್ವ.

ಯಾರೋ ಕಿಸಕ್ಕನೆ ನಕ್ಕರು. ಚಿತ್ತವ್ವನ ಗಂಡ ಯಾವಾಗಲೂ ಕೊನೆಗೆ ಮಾತಾಡಿದವರ ಪಕ್ಷ. ಅವನು ತಲೆಯಾಡಿಸಿದ. ಸೊಸೆಯನ್ನು ಬೈಯಲು ಹೊರಟ ದುಗ್ಗಯ್ಯ ಕಪ್ಪು ನೆಲದ ಕಡೆ ತಿರುಗಿದ.

"ಆಯ್ತು," ಎಂದ. "ಹೊಳೆ ಇಳಿಯೋ ಹೊತ್ತಿಗೆ ಗೌರೆ ಮೇಯೋಷ್ಟು ಹಸಿರು ಆ ನೆಲದಲ್ಲಿ ತೋರಿಸು. ಎಲ್ಲರೂ ಇಲ್ಲೇ ಇರೋಣ. ಇಲ್ಲಾಂದ್ರೆ ಹಸು ಬಿಟ್ಟು ನಮ್ಮ ಜೊತೆ ಬರ್ಬೇಕು."

ಚಿತ್ತವ್ವ ಒಪ್ಪಿದಳು. ಹೇಗೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಹೆಪ್ಪು ಹಾಕುವುದು. ಅದನ್ನೇ ಮಾಡಿದಳು.

ಬಂಡೆಯ ನೆತ್ತಿಯಲ್ಲಿ ಒಂದು ಅತ್ತಿಮರವಿತ್ತು. ಅದರ ಬುಡ ದೇವರ ಜಾಗ. ಅಲ್ಲಿಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ, ಉಗುಳುತ್ತಿರಲಿಲ್ಲ. ಅಷ್ಟು ಶುದ್ಧವಾದ ಮಣ್ಣು ಸುತ್ತಲೆಲ್ಲೂ ಇರಲಿಲ್ಲ. ಚಿತ್ತವ್ವ ಮಿಂದು, ಒಂದು ಬುಟ್ಟಿ ಮಣ್ಣು ಹೊತ್ತು ತಂದಳು. ಮಜ್ಜಿಗೆಯ ತಿಳಿಯಲ್ಲಿ ಕಲಸಿ ಕಪ್ಪು ನೆಲಕ್ಕೆ ಎರಚಿದಳು. ದುಗ್ಗಯ್ಯನೂ ಮೆಚ್ಚಿದ. "ಒಳ್ಳೆ ಮಣ್ಣೇ ತಂದಿದೀಯ," ಎಂದ.

ಏನೂ ಆಗಲಿಲ್ಲ. ಮತ್ತೊಂದು ಬುಟ್ಟಿ ತಂದಳು. ಏನೂ ಆಗಲಿಲ್ಲ. ಇನ್ನೊಂದು ಬುಟ್ಟಿ ತಂದಳು. ದೇವರ ಮಣ್ಣೂ ಕಪ್ಪಾಯಿತು.

ಚಿತ್ತವ್ವ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಗೌರೆ ಪಕ್ಕದಲ್ಲಿ ಒಣ ಸೊಪ್ಪು ಅಗಿಯುತ್ತಿದ್ದಳು.

"ಯಾತರಿಂದ ಹೆಪ್ಪು ಹಾಕಿದೆ?" ಎಂದಳು ಗೌರೆ.

"ಇರೋದರಲ್ಲೇ ಶುದ್ಧವಾದ ಮಣ್ಣಿಂದ."

"ಹಾಲಿಗೆ ಯಾತರಿಂದ ಹಾಕ್ತೀಯ?"

"ಮೊಸರಿಂದ."

"ಒಳ್ಳೇ ಹಾಲಿಂದ ಹಾಕಲ್ವಾ?"

"ಹಾಲಿಗೆ ಹಾಲು ಹಾಕಿದ್ರೆ ಹಾಲೇ ಇರುತ್ತೆ, ಗೌರೆ. ಹುಳಿ ಕಂಡಿರೋದನ್ನೇ ಹಾಕ್ಬೇಕು."

ಗೌರೆ ಸೊಪ್ಪು ಅಗಿಯುತ್ತಲೇ ಇದ್ದಳು. ಚಿತ್ತವ್ವ ಬುಟ್ಟಿ ಬಿಟ್ಟು ಎದ್ದಳು.

ಅತ್ತಿಮರದ ಮಣ್ಣು ಎಣ್ಣೆಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ಎಣ್ಣೆಯನ್ನು ಕಂಡು ಬದುಕಿದ ಮಣ್ಣು ಎಲ್ಲಿದೆ? ಎಲ್ಲಕ್ಕಿಂತ ಹೊಲಸಾದ ಜಾಗದಲ್ಲಿ. ಅವಳು ನೇರ ಗುಂಡಿಯ ಬಾಯಿಗೆ ಹೋದಳು. ಕಲ್ಲು ಮುಚ್ಚಿದ್ದರೂ ಅಂಚಿನಲ್ಲಿ ಎಣ್ಣೆ ಜಿನುಗುತ್ತಿತ್ತು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಹೋಗಿದ್ದರೆ ನೋಡುತ್ತಿದ್ದರು. ಕಲ್ಲಿನ ಸಂದಿಯಲ್ಲಿ ಒಂದು ಗರಿಕೆ ನಿಂತಿತ್ತು. ಹಸಿರಾಗಿತ್ತು.

ಆ ಕಾಲದಲ್ಲಿ ಗರಿಕೆ ಈಗಿನಂತೆ ಕುಳ್ಳಲ್ಲ. ಜೋಳದ ದಂಟಿನಷ್ಟು ಎತ್ತರ ಬೆಳೆಯುತ್ತಿತ್ತು. ಅದರ ಬಗ್ಗೆ ಅದಕ್ಕೆ ಜಂಬವೂ ಇತ್ತು. ಇದು ಮಾತ್ರ ಗಿಡ್ಡಗಿತ್ತು.

"ಕೀಳಬೇಡ," ಎಂದಿತು ಗರಿಕೆ.

"ಕೀಳಲ್ಲ. ನೀನೊಬ್ಬಳೇ ಹೇಗೆ ಬದುಕಿದೆ?"

"ಒಬ್ಬಳೇ ಯಾರು ಬದುಕ್ತಾರೆ? ಕಿವಿಗೊಟ್ಟು ಕೇಳು."

ಚಿತ್ತವ್ವ ಸೆರಗು ಎತ್ತಿ ಕಟ್ಟಿ, ಮಂಡಿಯೂರಿ, ಆ ಜಿಗುಟು ಮಣ್ಣಿಗೇ ಕಿವಿ ಹಚ್ಚಿದಳು.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಸಣ್ಣಗೆ ಕೇಳಿಸಿತು. ದೂರದ ಸಂತೆಯ ಗದ್ದಲದಂತೆ. ಆದರೆ ಯಾವ ಸಂತೆಯಲ್ಲೂ ಅಷ್ಟು ಜನ ಇರುವುದಿಲ್ಲ. ಆ ಒಂದು ಬೇರಿನ ಸುತ್ತ, ಒಂದು ಬೊಗಸೆ ಮಣ್ಣಿನಲ್ಲಿ, ಆಕಾಶದಲ್ಲಿ ಕಣ್ಣಿಗೆ ಕಾಣುವ ಚುಕ್ಕಿಗಳಿಗಿಂತ ಹೆಚ್ಚು ಮಂದಿ ಕೂತು ಉಣ್ಣುತ್ತಿದ್ದರು. ಒಬ್ಬರೂ ಕಣ್ಣಿಗೆ ಬೀಳುವಂತಿರಲಿಲ್ಲ. ಚಿತ್ತವ್ವನ ಮೈಯ ಕೂದಲು ನಿಮಿರಿತು. ಇಷ್ಟು ದಿನ ಇವರ ನೆತ್ತಿಯ ಮೇಲೆ ಓಡಾಡುತ್ತಿದ್ದೆನಲ್ಲ ಎಂದುಕೊಂಡಳು.

"ಯಾರು ನೀವು?"

"ಸಣ್ಣವರು," ಎಂದರು ಎಲ್ಲರೂ ಒಟ್ಟಿಗೆ.

"ಏನು ತಿಂತಿದೀರಿ?"

"ಎಣ್ಣೆ."

"ಎಣ್ಣೆ ತಿಂದು ಸಾಯಲ್ವಾ?"

"ಸತ್ತೆವಲ್ಲ. ಬೇಕಾದಷ್ಟು ಮಂದಿ ಸತ್ತರು. ಸಾಯದೆ ಉಳಿದವರು ನಾವು. ಬೆಳಿಗ್ಗೆ ಹುಟ್ಟಿ ಸಂಜೆಗೆ ಮುತ್ತಜ್ಜಿ ಆಗ್ತೀವಿ. ಕಲಿಯೋಕೆ ನಮಗೆ ಹೊತ್ತು ಬೇಕಿಲ್ಲ."

"ಹಾಗಿದ್ರೆ ಇಡೀ ಹುಲ್ಲುಗಾವಲಿನ ಎಣ್ಣೆ ತಿನ್ನಿ!"

ಸಣ್ಣವರು ನಕ್ಕರು. ಮಣ್ಣು ಕಚಗುಳಿಯಾದಂತೆ ಅಲುಗಿತು.

"ನೀನು ಬರೀ ತುಪ್ಪ ಉಣ್ತೀಯಾ? ಅನ್ನ ಬೇಡ್ವಾ? ನಮಗೂ ಹಾಗೇ. ಉಸಿರಾಡಕ್ಕೆ ಗಾಳಿ ಬೇಕು, ಮಣ್ಣು ಸಡಿಲ ಮಾಡು. ನೀರು ಬೇಕು, ಮುಳುಗಿಸಬೇಡ. ಎಣ್ಣೆಯಲ್ಲಿ ಇಲ್ಲದ ಸತ್ವ ಸಗಣಿ ಗಂಜಲದಲ್ಲಿದೆ, ಅದು ಬೇಕು. ಆಮೇಲೆ ಬಾಯಿಗೆ ಒಂಚೂರು ಸಿಹಿ."

"ಸಿಹಿ ಎಲ್ಲಿಂದ ತರ್ಲಿ?"

"ನನ್ನಿಂದ," ಎಂದಿತು ಗರಿಕೆ. ಅದರ ದನಿಯಲ್ಲಿ ಹೆಚ್ಚು ಉತ್ಸಾಹವಿರಲಿಲ್ಲ. "ಬಿಸಿಲಲ್ಲಿ ನಾನು ಸಿಹಿ ಅಡುಗೆ ಮಾಡ್ತೀನಿ. ಅದನ್ನು ಉಂಡ್ರೆ ನಾನು ಎತ್ತರ ಆಗ್ತೀನಿ. ಬೇರಿನಿಂದ ಇವರಿಗೆ ಬಡಿಸಿದ್ರೆ ಇವರು ಎಣ್ಣೆ ತಿಂತಾರೆ, ನಾನು ಗಿಡ್ಡ ಇರ್ತೀನಿ. ಎರಡೂ ಆಗಲ್ಲ."

"ಗಿಡ್ಡ ಇರೋದು ಬೇಜಾರಲ್ವಾ?"

"ಬೇಜಾರೇ. ಸಾಯೋದಕ್ಕಿಂತ ಕಡಿಮೆ ಬೇಜಾರು."

ಚಿತ್ತವ್ವ ಒಂದು ಬೊಗಸೆ ಮಣ್ಣು ತೆಗೆದುಕೊಂಡಳು. ಎಲ್ಲಕ್ಕಿಂತ ಹೊಲಸಾದ ಮಣ್ಣು. ಅದನ್ನು ಎರಡು ಕೈಯಲ್ಲೂ ಹಿಡಿದು, ಹೆಪ್ಪಿನ ಕುಡಿಕೆ ಹಿಡಿಯುವಷ್ಟೇ ಜೋಪಾನವಾಗಿ ನಡೆದಳು.

ಆಮೇಲೆ ದುಡಿದಳು. ಅಗೆಯುವ ಕೋಲಿನಿಂದ ನೆಲ ಕೆದಕಿದಳು. ಗೌರೆಯ ಸಗಣಿ, ಗಂಜಲ ನೀರಿಗೆ ಕಲಸಿ ಚಿಮುಕಿಸಿದಳು. ಹೆಪ್ಪಿನ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಇಟ್ಟಳು. ಗರಿಕೆಯೂ ತನ್ನ ಬಳ್ಳಿಯನ್ನು ಗೆಣ್ಣು ಗೆಣ್ಣಾಗಿ ಮುರಿದುಕೊಟ್ಟಿತು, ಅದನ್ನು ನೆಟ್ಟಳು. ಮತ್ತೆ ಕೆದಕಿದಳು, ಮತ್ತೆ ಚಿಮುಕಿಸಿದಳು, ಮತ್ತೆ ನೆಟ್ಟಳು.

ಹಟ್ಟಿಯ ಹೆಂಗಸರು ಬಂಡೆಯ ಮೇಲೆ ಕೂತು ನೋಡಿದರು.

"ನೆಲಕ್ಕೆ ಊಟ ಬಡಿಸ್ತಿದಾಳೆ ಕಣೇ. ಬಾಳೆಲೆ ಒಂದು ಹಾಕಿಲ್ಲ."

"ಕೈ ತೊಳಿಯೋಕೂ ಕರೀತಾಳೆ ಇರು!"

"ಉಂಡ ಮೇಲೆ ಎಲೆಯಡಿಕೆ ಕೊಡೋದು ಮರೀಬೇಡ, ಚಿತ್ತಕ್ಕ!"

ಚಿತ್ತವ್ವ ತಲೆ ಎತ್ತಲಿಲ್ಲ. ನೆಲವೂ ಬೇಗನೆ ಉತ್ತರ ಕೊಡಲಿಲ್ಲ. ದಿನಗಳು ಹೋದವು. ಮೇಲೆ ಕಪ್ಪು ಕಪ್ಪಾಗಿಯೇ ಇತ್ತು. ಗರಿಕೆಯ ಗೆಣ್ಣುಗಳಲ್ಲಿ ಅರ್ಧ ಒಣಗಿದವು. ಒಣಗಿದಲ್ಲೆಲ್ಲ ಅವಳು ಹೊಸದು ನೆಟ್ಟಳು.

ಒಂದು ಬೆಳಿಗ್ಗೆ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಒಡೆದಳು. ಹೊರಗೆ ಕಪ್ಪು. ಒಳಗೆ ಬೇರು ಹಾದುಹೋದ ದಾರಿಯ ಉದ್ದಕ್ಕೂ, ನೂಲಿನಷ್ಟು ಅಗಲಕ್ಕೆ, ಕಂದು. ಬರೀ ಮಣ್ಣಿನ ಬಣ್ಣ. ಮೂಸಿದಳು. ಬರೀ ಮಣ್ಣಿನ ವಾಸನೆ.

ಚಿತ್ತವ್ವ ಬಹಳ ಹೊತ್ತು ಆ ಹೆಂಟೆಯನ್ನು ಹಿಡಿದು ನಿಂತಳು. ಹೊಳೆಯಿಂದ ಆಗದ್ದು, ಬೆಂಕಿಯಿಂದ ಆಗದ್ದು, ಗಾಳಿಯಿಂದ ಆಗದ್ದು ಇಲ್ಲಿ ಆಗಿತ್ತು. ಸದ್ದಿಲ್ಲದೆ ಆಗಿತ್ತು.

"ಆ ಎಣ್ಣೆ ಎಲ್ಲಿ ಹೋಯ್ತು?" ಎಂದು ಕೇಳಿದಳು. ದನಿ ತಾನಾಗಿ ಸಣ್ಣಗಾಗಿತ್ತು.

"ನೋಡ್ತಾನೇ ಇದೀಯಲ್ಲ," ಎಂದಿತು ಗರಿಕೆ. "ಇವರು ಎಣ್ಣೆ ತಿಂದು ಉಸಿರು ಬಿಡ್ತಾರೆ. ಆ ಉಸಿರು ಮಣ್ಣಿಂದ ಮೇಲೆ ಬರುತ್ತೆ. ನಾನು ಅದನ್ನು ಎಳ್ಕೊಂಡು, ಬಿಸಿಲು ಹಾಕಿ, ಎಲೆ ಮಾಡ್ಕೋತೀನಿ."

ಚಿತ್ತವ್ವ ಗರಿಕೆಯ ಎಲೆಯನ್ನು ನೋಡಿದಳು. ಯಾರೂ ಕಾಣದ ಪ್ರಪಂಚದ ಯಾರೂ ಕಾಣದ ಕಡಲು. ಅದರ ಪಾಚಿ, ಅದರ ಹುಳ. ಬಂಡೆಯ ಕೆಳಗೆ ಕತ್ತಲಲ್ಲಿ ಮಲಗಿದ್ದು, ಎಣ್ಣೆಯಾಗಿ ಮೇಲೆ ಬಂದು, ಕಣ್ಣಿಗೆ ಕಾಣದವರ ಹೊಟ್ಟೆ ಸೇರಿ, ಉಸಿರಾಗಿ, ಈಗ ಒಂದು ಎಲೆಯ ತುದಿಯಲ್ಲಿ ಹಸಿರಾಗಿ ನಿಂತಿತ್ತು. ಬೆರಳಿನಿಂದ ಮುಟ್ಟಿದಳು. ಸ್ವಲ್ಪ ಒರಟಾಗಿತ್ತು. ಅವಳಿಗೆ ಯಾಕೋ ಕೈಮುಗಿಯಬೇಕು ಅನ್ನಿಸಿತು. ಕೈತುಂಬ ಸಗಣಿ ಇದ್ದದ್ದರಿಂದ ಸುಮ್ಮನಾದಳು.

ಇಷ್ಟರಲ್ಲಿ ಹೊಳೆ ಇಳಿಯತೊಡಗಿತು.

ದಾಟುವ ಜಾಗದ ಕಲ್ಲುಗಳ ತಲೆ ಕಾಣಿಸಿತು. ಆಮೇಲೆ ಹೆಗಲು ಕಾಣಿಸಿತು. ಹಟ್ಟಿಯವರು ಗಂಟುಮೂಟೆ ಕಟ್ಟಿದರು. ಗರಿಕೆ ಹುಲ್ಲುಗಾವಲಿನ ಉದ್ದಕ್ಕೂ ಹಬ್ಬಿತ್ತು. ಆದರೆ ನೆಲಕ್ಕೆ ಅಂಟಿಕೊಂಡು ಹಬ್ಬಿತ್ತು. ದೂರದಿಂದ ನೋಡಿದವರಿಗೆ ಕಪ್ಪು ನೆಲವೇ ಕಾಣುತ್ತಿತ್ತು.

ಚಿತ್ತವ್ವ ಗರಿಕೆಯ ಮುಂದೆ ಕೂತಳು.

"ನಾಳೆ ಮಾವ ನೋಡಕ್ಕೆ ಬರ್ತಾರೆ. ಒಂದು ಗೇಣು ಎದ್ದು ನಿಲ್ಲೇ ತಾಯಿ. ಒಂದೇ ಗೇಣು. ಗೌರೆಗೋಸ್ಕರ."

"ಎದ್ದೇಳಬಹುದು," ಎಂದಿತು ಗರಿಕೆ. "ಬೇರಿಗೆ ಬಡಿಸೋದು ನಿಲ್ಲಿಸಿ ನಾನೇ ಉಂಡ್ರೆ ಏಳ್ತೀನಿ. ನಂಗೂ ಆಸೆ ಇದೆ. ಕೆಳಗಿರೋರು ಉಪವಾಸ ಬೀಳ್ತಾರೆ. ಉಳಿದ ಎಣ್ಣೆ ಉಳಿಯುತ್ತೆ. ಮುಂದಿನ ಮಳೆಗೆ ನಾನೂ ಇರಲ್ಲ. ನೀನು ಹೇಳು, ಹಾಗೇ ಮಾಡ್ತೀನಿ."

ಚಿತ್ತವ್ವ ಗೌರೆಯ ಕಡೆ ನೋಡಿದಳು. ಗೌರೆಯ ಪಕ್ಕೆಲುಬು ಎಣಿಸುವಂತಿತ್ತು. ಗೌರೆ ಒಣ ಸೊಪ್ಪನ್ನೇ ಅಗಿಯುತ್ತಿದ್ದಳು.

"ಬೇಡ," ಎಂದಳು ಚಿತ್ತವ್ವ. ಕಣ್ಣು ಒರೆಸಿಕೊಂಡಳು. "ಅವರಿಗೆ ಬಡಿಸು."

ದುಗ್ಗಯ್ಯ ಬಂದ. ಹಿಂದೆ ಹಟ್ಟಿಯೆಲ್ಲ ಬಂತು. ದುಗ್ಗಯ್ಯ ಬಗ್ಗಿ ನೋಡಿದ.

"ಇದನ್ನು ಹಸಿರು ಅಂತೀಯಾ? ತಲೆ ಬೋಳಿಸಿದ ಮೇಲೆ ಕೂದಲು ಚಿಗುರಿದ ಹಾಗಿದೆ."

"ಬೇರಿದೆ, ಮಾವ."

"ಹಸು ಬೇರು ಮೇಯತ್ತಾ? ನೋಡು, ಹೀಗೆ ಎಳೆದ್ರೆ ಹಾಗೆ ಬರುತ್ತೆ," ಎಂದು ದುಗ್ಗಯ್ಯ ಒಂದು ಬುಡ ಹಿಡಿದು ಎಳೆದ.

ಬರಲಿಲ್ಲ.

ಎರಡೂ ಕೈ ಹಾಕಿ, ಕಾಲು ಊರಿ ಎಳೆದ. ಬಂತು. ಜೊತೆಗೆ ಮುಷ್ಟಿಗಾತ್ರದ ಮಣ್ಣೂ ಬಂತು. ದುಗ್ಗಯ್ಯ ಕೊಡವಿದ. ಮಣ್ಣು ಬೀಳಲಿಲ್ಲ. ಕಲ್ಲಿಗೆ ಬಡಿದ. ಬೀಳಲಿಲ್ಲ.

"ಬಿಡೇ, ಮಣ್ಣು ಬಿಡು," ಎಂದ.

"ಬಿಡಲ್ಲ," ಎಂದಿತು ಗರಿಕೆ. "ಇದರಲ್ಲಿ ನನ್ನವರಿದಾರೆ. ಎತ್ತರ ಆಗೋದನ್ನು ಬಿಟ್ಟು ಇವರನ್ನು ಇಟ್ಕೊಂಡಿದೀನಿ. ನೀನು ಎಳೆದೆ ಅಂತ ಬಿಟ್ಬಿಡ್ಲಾ?"

ದುಗ್ಗಯ್ಯ ಆ ಮಣ್ಣನ್ನು ನೋಡಿದ. ಕಪ್ಪಿರಲಿಲ್ಲ. ಬೆರಳಲ್ಲಿ ಉಜ್ಜಿದ. ಜಿಗುಟಿರಲಿಲ್ಲ. ಮೂಗಿಗೆ ಹಿಡಿದ. ಹಿಡಿದವನು ಹಾಗೇ ಹಿಡಿದುಕೊಂಡೇ ಇದ್ದ. ಆ ಮಣ್ಣನ್ನು ಕೊಂದವನು ಅವನೇ. ಅದರ ವಾಸನೆ ಮತ್ತೆ ಸಿಗುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಅಲ್ಲೇ ಕೂತ.

ಅಷ್ಟರಲ್ಲಿ ಗೌರೆ ಮುಂದೆ ಬಂದಳು. ತಲೆ ಬಗ್ಗಿಸಿದಳು. ನಾಲಿಗೆ ಚಾಚಿದಳು. ಹುಲ್ಲು ನಾಲಿಗೆಗೆ ಸಿಗಲಿಲ್ಲ, ಅಷ್ಟು ಗಿಡ್ಡ. ಗೌರೆ ಒಂದು ಮುಂಗಾಲು ಮಡಿಸಿದಳು. ಇನ್ನೊಂದನ್ನೂ ಮಡಿಸಿದಳು. ಆ ವಯಸ್ಸಿನಲ್ಲಿ ಅದು ಸುಲಭವಲ್ಲ. ಮಂಡಿಯೂರಿ, ಗದ್ದವನ್ನು ನೆಲಕ್ಕೆ ಆನಿಸಿ, ಕರಕರ ಎಂದು ಮೇಯತೊಡಗಿದಳು.

ಬಂಡೆ ಏನಾದರೂ ಅನ್ನುತ್ತದೆ ಎಂದು ಎಲ್ಲರೂ ಅದರ ಕಡೆ ತಿರುಗಿದರು.

"ಗಂಟು ಬಿಚ್ರೋ," ಎಂದ ದುಗ್ಗಯ್ಯ ಕೊನೆಗೆ.

ಅರ್ಧ ಹಟ್ಟಿ ಬಿಚ್ಚಿತು. ಇನ್ನರ್ಧ ಹೊಳೆ ದಾಟಿ ಹೋಯಿತು. ಮೂಟೆ ಕಟ್ಟಿದವರಲ್ಲಿ ಅರ್ಧ ಜನ ಹೋಗಿಯೇ ಹೋಗುತ್ತಾರೆ. ದುಗ್ಗಯ್ಯ ಮರುದಿನದಿಂದ ಅಗೆಯುವ ಕೋಲು ಹಿಡಿದು ಸೊಸೆಯ ಹಿಂದೆ ಬಂದ. ಎಲ್ಲಿ ಕೆದಕಬೇಕು ಎಂದು ಕೇಳಿ ಕೇಳಿ ಕೆದಕಿದ.

ನೆಲ ಒಂದೇ ಸಲಕ್ಕೆ ಗುಣವಾಗಲಿಲ್ಲ. ವರ್ಷಗಳೇ ಹಿಡಿದವು. ಗುಂಡಿಯ ಪಕ್ಕದ ಮಣ್ಣು ಕೊನೆತನಕ ಸ್ವಲ್ಪ ಕಪ್ಪಾಗಿಯೇ ಉಳಿಯಿತು. ಎರೆಹುಳ ಬಹಳ ತಡವಾಗಿ, ಏನೂ ಆಗೇ ಇಲ್ಲ ಎಂಬಂತೆ, ವಾಪಸು ಬಂತು. ಗೌರೆ ಮುಂದಿನ ಮಳೆಗಾಲ ಕಂಡಳು. ಅದರ ಮುಂದಿನದನ್ನು ಕಾಣಲಿಲ್ಲ. ಮುದಿ ಹಸು. ಆದರೆ ಆ ಮಳೆಗಾಲವೆಲ್ಲ ಅವಳು ಬೇರೆ ಹುಲ್ಲು ಮೂಸಲಿಲ್ಲ.

ಗರಿಕೆ ಮತ್ತೆ ಎತ್ತರ ಬೆಳೆಯಲಿಲ್ಲ. ಹುಲ್ಲುಗಾವಲಿನ ಎಣ್ಣೆ ಮುಗಿದ ಮೇಲೂ ಬೇರಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ. ಯಾಕೆಂದು ಯಾರೋ ಕೇಳಿದರಂತೆ. "ಉಣ್ಣೋಕೆ ಕೂತವರನ್ನು ಏಳಿ ಅನ್ನೋದು ಹೇಗೆ?" ಎಂದಿತಂತೆ.

ಅದಕ್ಕೇ ಇವತ್ತಿಗೂ ಲಾರಿ ನಿಲ್ಲಿಸುವ ಜಾಗದಲ್ಲಿ, ಎಂಜಿನ್ನಿನ ಎಣ್ಣೆ ತೊಟ್ಟಿಕ್ಕಿ ಏನೂ ಬೆಳೆಯದ ಕಪ್ಪು ಅಂಚಿನಲ್ಲಿ, ಎಲ್ಲರಿಗಿಂತ ಮೊದಲು ಗರಿಕೆ ಬರುತ್ತದೆ, ನೆಲಕ್ಕೆ ಅಂಟಿಕೊಂಡೇ ಬರುತ್ತದೆ; ನೀವು ಅದನ್ನು ಎಳೆದು ಎಷ್ಟೇ ಕೊಡವಿದರೂ ಬೇರು ಆ ಒಂದು ಹಿಡಿ ಮಣ್ಣನ್ನು ಬಿಡುವುದಿಲ್ಲ.